ಒಂದೇ ಊರು, ಮೂವತ್ತು ವರ್ಷ: ಯೂಜೀನ್ ಅಟ್ಜೆ

ಒಂದೇ ಊರಿನ ಫೋಟೊ ತೆಗೆಯುತ್ತಾ ಜೀವನ ಕಳೆದವರು ಇದ್ದಾರಾ, ಅವರಿಗೆ ಬೇಸರ ಬರಲಿಲ್ವಾ ಅಂತ ಕೇಳಿದ್ದೀರಿ. ನನಗೆ ತಕ್ಷಣ ನೆನಪಾಗುವವರು ಪ್ಯಾರಿಸ್ಸಿನ ಯೂಜೀನ್ ಅಟ್ಜೆ. ನನಗೆ ತುಂಬಾ ಇಷ್ಟವಾದ ಫೋಟೊಗ್ರಾಫರ್ ಅವರೇ.

ಹುಟ್ಟಿದ್ದು 1857ರಲ್ಲಿ, ಫ್ರಾನ್ಸಿನ ಬೋರ್ಡೊ ನಗರದ ಹತ್ತಿರದ ಒಂದು ಊರಿನಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ತೀರಿಕೊಂಡರು. ಸ್ವಲ್ಪ ಕಾಲ ಹಡಗಿನಲ್ಲಿ ದುಡಿದರು. ಆಮೇಲೆ ನಾಟಕದ ಗೀಳು ಹತ್ತಿ ಪ್ಯಾರಿಸ್ಸಿಗೆ ಬಂದರು, ಊರೂರು ಸುತ್ತುವ ತಂಡಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದರು. ಗಂಟಲಿನ ಕಾಯಿಲೆ ಅದನ್ನೂ ಬಿಡಿಸಿತು. ಕ್ಯಾಮೆರಾ ಹಿಡಿದದ್ದು ಹೊಟ್ಟೆಪಾಡಿಗೆ. ಚಿತ್ರ ಬರೆಯುವವರಿಗೆ ನೋಡಿಕೊಳ್ಳಲು ಬೇಕಾಗುವ ಮರ, ಗಿಡ, ಕಟ್ಟಡಗಳ ಫೋಟೊ ಮಾರುತ್ತಿದ್ದರು.

ಅಷ್ಟರಲ್ಲಿ ಊರು ಬದಲಾಗಿಬಿಟ್ಟಿತ್ತು. ಪ್ಯಾರಿಸ್ಸನ್ನು ಹೊಸದಾಗಿ ಕಟ್ಟಿಸಿದ ಅಧಿಕಾರಿ ಹೌಸ್‌ಮನ್ ಕಾಲದಲ್ಲಿ ಅಗಲವಾದ ರಸ್ತೆಗಳಿಗಾಗಿ ಹಳೆಯ ಕೇರಿಗಳನ್ನೇ ಕೆಡವಿದ್ದರು. ಉಳಿದವೂ ಒಂದೊಂದಾಗಿ ಹೋಗುತ್ತಿದ್ದವು. 1897ರ ಹೊತ್ತಿಗೆ ಅಟ್ಜೆ ಆ ಉಳಿದ ಪ್ಯಾರಿಸ್ಸಿನ ಬೆನ್ನು ಹತ್ತಿದರು. ಬಾಗಿಲಿಗೆ ಬಡಿಯುವ ಕಬ್ಬಿಣದ ಬಳೆ, ಮೆಟ್ಟಿಲ ಕಂಬಿ, ಒಳಅಂಗಳ, ಅಂಗಡಿ ಬೋರ್ಡು, ಬೀದಿ ವ್ಯಾಪಾರಿಗಳು, ಊರಾಚೆ ಚಿಂದಿ ಆಯುವವರ ಗುಡಿಸಲು. ಎಲ್ಲರೂ ನೋಡುವ ಐಫೆಲ್ ಟವರ್ ಅವರಿಗೆ ಬೇಕಿರಲಿಲ್ಲ.

ಅವರದು ಮರದ ದೊಡ್ಡ ಕ್ಯಾಮೆರಾ. ಜೊತೆಗೆ ಟ್ರೈಪಾಡ್, 18 x 24 ಸೆಂಟಿಮೀಟರಿನ ಗಾಜಿನ ಪ್ಲೇಟುಗಳು. ಇಷ್ಟನ್ನೂ ಹೊತ್ತು ಬೆಳ್ಳಂಬೆಳಗ್ಗೆ ಹೊರಡುತ್ತಿದ್ದರು. ಎಕ್ಸ್‌ಪೋಷರ್, ಅಂದರೆ ಪ್ಲೇಟಿನ ಮೇಲೆ ಬೆಳಕು ಬೀಳಲು ಬಿಡುವ ಹೊತ್ತು, ಜಾಸ್ತಿ; ಹಾಗಾಗಿ ನಡೆದು ಹೋದವರು ಫೋಟೊದಲ್ಲಿ ಹೊಗೆಯಂತೆ ಕಾಣುತ್ತಾರೆ. ಕಲ್ಲು, ಗೋಡೆ ಮಾತ್ರ ಸ್ಪಷ್ಟ. ಆ ಖಾಲಿ ಬೀದಿಗಳನ್ನು ನೋಡುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಬೇಸರದ ಪ್ರಶ್ನೆಗೆ ನನ್ನ ಉತ್ತರ ಸೋ ಪಾರ್ಕಿನ ಫೋಟೊಗಳಲ್ಲಿದೆ. ಪ್ಯಾರಿಸ್ಸಿನ ಪಕ್ಕದಲ್ಲೇ ಇದ್ದ ಪಾಳುಬಿದ್ದ ಉದ್ಯಾನ ಅದು. 1925ರಲ್ಲಿ, 68ನೇ ವಯಸ್ಸಿನಲ್ಲಿ, ಮತ್ತೆ ಮತ್ತೆ ಅಲ್ಲಿಗೆ ಹೋದರು. ಕೆಲವು ಚಿತ್ರಗಳ ಮೇಲೆ 'ಬೆಳಗ್ಗೆ 7 ಗಂಟೆ' ಅಂತ ಬರೆದಿಟ್ಟಿದ್ದಾರೆ. ಸಂಜೆಯ ಹೊತ್ತಿಗೆ ಅದೇ ಕೊಳ ಬೇರೆಯೇ ಆಗಿರುತ್ತದೆ ಅಲ್ವಾ? ಹಾಗೆ ನೋಡುವವರಿಗೆ ಬೇಸರ ಎಲ್ಲಿಂದ ಬರಬೇಕು.

ಗಿರಾಕಿಗಳು ಹೆಚ್ಚಾಗಿ ಮ್ಯೂಸಿಯಂಗಳು, ಗ್ರಂಥಾಲಯಗಳು. 1920ರಲ್ಲಿ 2,621 ನೆಗೆಟಿವ್‌ಗಳನ್ನು ಸರ್ಕಾರಕ್ಕೆ 10,000 ಫ್ರಾಂಕಿಗೆ ಮಾರಿದರು. ಇಡೀ ಹಳೆ ಪ್ಯಾರಿಸ್ ನನ್ನ ಹತ್ತಿರ ಇದೆ ಅಂತ ಆಗ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದರು. ಅದು ಜಂಬವಲ್ಲ, ನಿಜ.

ಹೆಸರಿನ ಆಸೆ ಇರಲಿಲ್ಲ. ಅಟ್ಜೆ ಇದ್ದ ಬೀದಿಯಲ್ಲೇ ಇದ್ದ ಕಲಾವಿದ ಮ್ಯಾನ್ ರೇ 1926ರಲ್ಲಿ ಅವರು ತೆಗೆದ ಫೋಟೊ ಒಂದನ್ನು ಪತ್ರಿಕೆಗೆ ಕೊಡಿಸಿದಾಗ, ನನ್ನ ಹೆಸರು ಹಾಕಬೇಡಿ, ಇವು ಬರೀ ದಾಖಲೆಗಳು ಅಂದರಂತೆ. ಮ್ಯಾನ್ ರೇ ಬಳಿ ಸಹಾಯಕಿಯಾಗಿದ್ದ ಬೆರನಿಸ್ ಆಬಟ್ 1927ರಲ್ಲಿ ಅಟ್ಜೆಯವರ ಫೋಟೊ ತೆಗೆದರು. ಅದನ್ನು ನೋಡುವ ಮೊದಲೇ, ಆಗಸ್ಟ್‌ನಲ್ಲಿ, ಅಟ್ಜೆ ತೀರಿಕೊಂಡರು. ಅವರ ಬಳಿ ಉಳಿದಿದ್ದ ಪ್ರಿಂಟ್, ಪ್ಲೇಟುಗಳನ್ನು ಆಬಟ್ ಕೊಂಡು ನಾಲ್ಕು ದಶಕ ಕಾಪಾಡಿದರು. 1968ರಲ್ಲಿ ಅವು ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಸೇರಿದವು. ಆಬಟ್ ಇಲ್ಲದಿದ್ದರೆ ಇವತ್ತು ಅಟ್ಜೆ ಹೆಸರು ಎಷ್ಟು ಜನಕ್ಕೆ ಗೊತ್ತಿರುತ್ತಿತ್ತೋ!

ನೋಡಬೇಕು ಅನಿಸಿದರೆ, ಪ್ಯಾರಿಸ್ಸಿನ ಕಾರ್ನವಾಲೆ ಮ್ಯೂಸಿಯಂನಲ್ಲಿರುವ ಅವರ ಫೋಟೊಗಳು ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತವೆ. ಬಾಗಿಲು, ಮೆಟ್ಟಿಲುಗಳಿಂದ ಶುರು ಮಾಡಿ. ಒಂದೇ ಸಲಕ್ಕೆ ಜಾಸ್ತಿ ನೋಡಬೇಡಿ.