ಗಡಿಪಾರಾದವನ ಹಾಡಿಗೆ ಒಂದು ಗಿಟಾರ್ ಸಾಕೇ?

ಪ್ರಶ್ನೆ: ಕಾಲೇಜಿನ ಕಾರ್ಯಕ್ರಮದಲ್ಲಿ ಗಿಟಾರ್ ಹಿಡಿದು ಒಬ್ಬಳೇ ಹಾಡಬೇಕೆಂದಿದ್ದೇನೆ. ಹಾಡು ಈಚಿನದು, ಧಾಟಿ ಮಾತ್ರ ಜನಪದದ್ದು. ಊರಿನಿಂದ ಗಡಿಪಾರಾದವನೊಬ್ಬ ತನ್ನ ಹೊಲ, ಅವ್ವ, ಊರ ಬಾವಿಯನ್ನು ನೆನೆಯುತ್ತಾ ನಡೆಯುತ್ತಾನೆ. ಮೂಲದಲ್ಲಿ ತಬಲಾ, ಕೊಳಲು, ಹಿಮ್ಮೇಳ ಎಲ್ಲ ಇವೆ. ನಾನು ನಿಧಾನ ಮಾಡಿ, ಮೈನರ್ ಕಾರ್ಡ್ ಹಾಕಿ ಹಾಡಿದರೆ ಗೆಳತಿಯರು 'ಅಳು ಜಾಸ್ತಿ ಆಯ್ತು' ಅನ್ನುತ್ತಾರೆ. ನನ್ನ ಶ್ರುತಿ ಜಿ. ಏನು ಮಾಡಲಿ?
– ಬಿ.ಎ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಗೆಳತಿಯರ ಕಿವಿ ಚೆನ್ನಾಗಿದೆ. ಹಾಡನ್ನು ನಿಧಾನ ಮಾಡಬೇಡಿ. ಆ ಮನುಷ್ಯ ನಡೆಯುತ್ತಿದ್ದಾನೆ ಅಲ್ವಾ? ಅವನ ಹೆಜ್ಜೆ ಕೇಳಬೇಕು.

ನಮ್ಮ ಅಜ್ಜಿ ಚಳ್ಳಕೆರೆ ಕಡೆಯವರು. ಶೇಂಗಾ ಸುಲಿಯುವಾಗ ಸೀತೆಯ ವನವಾಸದ ಪದ ಹೇಳುತ್ತಿದ್ದರು. ತುಂಬು ಬಸುರಿಯನ್ನು ಲಕ್ಷ್ಮಣ ಕಾಡಿನಲ್ಲಿ ಬಿಟ್ಟು ಬರುವ ಭಾಗ ಬಂದರೆ ಕೇಳುವ ನಮಗೆ ಗಂಟಲು ಕಟ್ಟುತ್ತಿತ್ತು. ಅಜ್ಜಿಯ ದನಿ ನಡುಗುತ್ತಿರಲಿಲ್ಲ, ಕೈ ನಿಲ್ಲುತ್ತಿರಲಿಲ್ಲ. ಬೀಸುವ ಪದಗಳೂ ಹಾಗೇ. ಕಲ್ಲು ತಿರುಗುತ್ತಲೇ ಇರುತ್ತದೆ, ಎಷ್ಟೇ ಸಂಕಟದ ಮಾತು ಬಂದರೂ ಪದ ಆ ಲಯ ಬಿಡುವುದಿಲ್ಲ. ನಿಮ್ಮ ಹಾಡಿನಲ್ಲಿ ಆ ಕೆಲಸ ಬಲಗೈ ಹೆಬ್ಬೆರಳಿನದು. ಮೊದಲ ಸಾಲಿನಿಂದ ಕೊನೆಯವರೆಗೆ ದಪ್ಪ ತಂತಿಗಳ ಮೇಲೆ ಒಂದೇ ನಡೆ ಇರಲಿ.

ಆರನೇ ತಂತಿಯನ್ನು ಇ ಇಂದ ಡಿ ಗೆ ಇಳಿಸಿ. ಕೆಳದನಿಯ ಮೂರು ತಂತಿಗಳು ಡಿ, ಎ, ಡಿ ಆಗುತ್ತವೆ. ಅಂದರೆ ಸ, ಪ, ಸ. ಐದನೇ ಫ್ರೆಟ್‌ಗೆ (ಗಿಟಾರಿನ ಕುತ್ತಿಗೆಯ ಅಡ್ಡಪಟ್ಟಿ) ಕ್ಯಾಪೊ, ಅಂದರೆ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್, ಹಾಕಿದರೆ ನಿಮ್ಮ ಜಿ ಬಂತು. ತಂಬೂರಿ ಹಿಡಿದು ತತ್ವಪದ ಹಾಡುವವರಿಗೂ ಶ್ರುತಿಯ ಆಸರೆ ಇಷ್ಟೇ, ಅವರ ಪದಗಳಿಗೆ ಏನು ಕಡಿಮೆ ಆಗಿದೆ? ಮೈನರ್ ಕಾರ್ಡಿನೊಳಗೆ ಕೋಮಲ ಗಾಂಧಾರ, ಅಂದರೆ ತಗ್ಗಿಸಿದ 'ಗ' ಸ್ವರ, ಇರುತ್ತದೆ. ಪ್ರತಿ ಸಾಲಿಗೂ ಅದನ್ನು ಬಾರಿಸಿದರೆ ಕೇಳುವವರನ್ನು ಅಳಲು ಒತ್ತಾಯ ಮಾಡಿದಂತೆ. ಗಾಂಧಾರ ನಿಮ್ಮ ದನಿಯಲ್ಲಿ ಬರಲಿ. ಅವ್ವನ ಚರಣದಲ್ಲಿ ಬೇಕಿದ್ದರೆ ಒಮ್ಮೆ ಪೂರ್ತಿ ಕಾರ್ಡ್ ನುಡಿಸಿ, ಅಲ್ಲಿ ಅದಕ್ಕೆ ಬೆಲೆ ಇದೆ.

ಹಿಮ್ಮೇಳ ಇಲ್ಲವೆಂಬ ಕೊರಗು ಬೇಡ. ನಮ್ಮಲ್ಲಿ ತ್ರಿಪದಿ ಹಾಡುವಾಗ ಎರಡನೇ ಸಾಲನ್ನು ಮತ್ತೊಮ್ಮೆ ಹಿಡಿದು ಮೂರನೆಯದಕ್ಕೆ ಹೋಗುವ ರೂಢಿ ಇದೆ. ನೀವೂ ಹಾಗೆ ಹಿಂದಿರುಗಿ ಬಂದರೆ ಸಭಿಕರೇ ಸೊಲ್ಲು ಹಿಡಿಯುತ್ತಾರೆ.

ಸಾಹಿತ್ಯವನ್ನು ಮೊಬೈಲ್ ನೋಡಿ ಹಾಡಬೇಡಿ, ದಯವಿಟ್ಟು. ಅದೇ ಚಳ್ಳಕೆರೆ ತಾಲ್ಲೂಕಿನ ಜನಪದ ಹಾಡುಗಾರ್ತಿ ನಾಡೋಜ ಸಿರಿಯಜ್ಜಿ ಓದು ಬರಹ ಇಲ್ಲದೆ ಸಾವಿರಾರು ಪದ ನೆನಪಿನಲ್ಲಿ ಇಟ್ಟುಕೊಂಡಿದ್ದರು. ನಿಮಗೆ ಒಂದು ಹಾಡು ಬಾಯಿಗೆ ಬರಲೇಬೇಕು. ಇನ್ನು ಗಿಟಾರಿನ ಮೈಕ್ ಅನ್ನು ರಂಧ್ರದ ಎದುರು ಇಡಿಸಬೇಡಿ, ಇಳಿಸಿದ ತಂತಿ ಸುಮ್ನೆ ಗುಂಯ್‌ಗುಡುತ್ತದೆ. ಹನ್ನೆರಡನೇ ಫ್ರೆಟ್ ಹತ್ತಿರ ಇರಲಿ.

ಧಾಟಿ ಜನಪದದ್ದಾದರೂ ಹಾಡು ಬರೆದವರೊಬ್ಬರು ಇದ್ದಾರೆ. ನಮ್ಮ ಕಾನೂನಿನ ಪ್ರಕಾರ ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಯೂಟ್ಯೂಬ್‌ಗೆ ಹಾಕುವ ಯೋಚನೆ ಇದ್ದರೆ ಮೊದಲೇ ಒಪ್ಪಿಗೆ ಪಡೆಯಿರಿ. ವೇದಿಕೆಯಲ್ಲೂ ಕವಿಯ ಹೆಸರು, ರಾಗ ಹಾಕಿದವರ ಹೆಸರು ಹೇಳಿಯೇ ಶುರು ಮಾಡಿ.