ಬೋರ್ಡೇ ಪೆನ್‌ಡ್ರೈವ್ ಆದಾಗ ಫೈಲ್‌ಗಳು ಏಕೆ ಕೆಡುತ್ತವೆ?

ಪ್ರಶ್ನೆ: ನನ್ನ ಕಸೂತಿ ಯಂತ್ರ ವಿನ್ಯಾಸಗಳನ್ನು ಪೆನ್‌ಡ್ರೈವ್‌ನಿಂದ ಮಾತ್ರ ಓದುತ್ತದೆ. ಅದನ್ನು ಪದೇ ಪದೇ ಕಿತ್ತು ಚುಚ್ಚುವುದನ್ನು ತಪ್ಪಿಸಲು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯು ಎಂಬ ಪುಟ್ಟ ಕಂಪ್ಯೂಟರ್ ಬೋರ್ಡನ್ನೇ ಪೆನ್‌ಡ್ರೈವ್‌ನಂತೆ ಜೋಡಿಸಿದ್ದೇನೆ. ಯಂತ್ರ ಅದನ್ನು ಗುರುತಿಸುತ್ತದೆ. ಆದರೆ ವೈಫೈ ಮೂಲಕ ಹೊಸ ವಿನ್ಯಾಸ ಕಳುಹಿಸಿದರೆ ಯಂತ್ರದಲ್ಲಿ ಕಾಣುವುದಿಲ್ಲ. ಎರಡು ಬಾರಿ ಹಳೆಯ ಫೈಲ್‌ಗಳೂ ಹಾಳಾದವು. ಅದೇ ಕುಟುಂಬದ ಪೈ 3ಬಿ ಬೋರ್ಡ್‌ನಲ್ಲಿ ಪ್ರಯತ್ನಿಸಿದಾಗ ಯಂತ್ರಕ್ಕೆ ಏನೂ ಕಾಣಲಿಲ್ಲ. ತಪ್ಪು ಎಲ್ಲಿದೆ?

ಉತ್ತರ: ಮೊದಲು ಪೈ 3ಬಿ ವಿಷಯ. ಯುಎಸ್‌ಬಿ ಕೇಬಲ್‌ನ ಒಂದು ತುದಿಯಲ್ಲಿ ಹೋಸ್ಟ್ (ಕೇಳುವ ಕಡೆ, ಇಲ್ಲಿ ನಿಮ್ಮ ಯಂತ್ರ) ಇದ್ದರೆ ಇನ್ನೊಂದು ತುದಿಯಲ್ಲಿ ಡಿವೈಸ್ (ಉತ್ತರಿಸುವ ಕಡೆ, ಇಲ್ಲಿ ಬೋರ್ಡ್) ಇರಬೇಕು. 3ಬಿಯ ಮುಖ್ಯ ಚಿಪ್ ಮತ್ತು ಪೋರ್ಟ್‌ಗಳ ನಡುವೆ ಒಂದು ಯುಎಸ್‌ಬಿ ದಾರಿಯನ್ನು ಹಲವು ಪೋರ್ಟ್‌ಗಳಾಗಿ ಕವಲೊಡೆಸುವ ಹಬ್ ಚಿಪ್ ಕುಳಿತಿದೆ. ಅದರ ಆಚೆಗಿನ ಪೋರ್ಟ್‌ಗಳು ಹೋಸ್ಟ್ ಆಗಿಯೇ ಇರುತ್ತವೆ, ಯಾವ ಸಾಫ್ಟ್‌ವೇರ್‌ನಿಂದಲೂ ಅವು ಬದಲಾಗುವುದಿಲ್ಲ. ಝೀರೋ ಬೋರ್ಡ್‌ನಲ್ಲಿ ಹಬ್ ಇಲ್ಲ, ಆದ್ದರಿಂದ ಅಲ್ಲಿ ಕೆಲಸವಾಯಿತು. ಹೊಸ ಬೋರ್ಡ್ ಕೈಗೆ ಬಂದಾಗ ಅದರ ಲಿನಕ್ಸ್‌ನಲ್ಲಿ ‘ಸಿಸ್’ ಒಳಗಿನ ‘ಕ್ಲಾಸ್’, ಅದರೊಳಗಿನ ‘ಯುಡಿಸಿ’ (ಡಿವೈಸ್ ಪಾತ್ರ ವಹಿಸಬಲ್ಲ ಯುಎಸ್‌ಬಿ ನಿಯಂತ್ರಕಗಳ ಪಟ್ಟಿ) ಫೋಲ್ಡರ್ ನೋಡಿ. ಅದು ಖಾಲಿಯಿದ್ದರೆ ಡಿವೈಸ್ ಪಾತ್ರದ ಡ್ರೈವರ್ ಇನ್ನೂ ಲೋಡ್ ಆಗಿಲ್ಲ, ಇಲ್ಲವೇ ಆ ಹಾರ್ಡ್‌ವೇರ್‌ಗೆ ಆ ಶಕ್ತಿಯೇ ಇಲ್ಲ.

ಈಗ ನಿಮ್ಮ ನಿಜವಾದ ತೊಂದರೆಗೆ ಬರುತ್ತೇನೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಒಂದು ವಾರ ಕಾಲ ಸಂಗ್ರಹಿಸಿದ ಅಳತೆಗಳನ್ನು ಹೀಗೆಯೇ ಕಳೆದುಕೊಂಡ ನೋವು ಇನ್ನೂ ಮರೆತಿಲ್ಲ. ಪೆನ್‌ಡ್ರೈವ್‌ಗೆ ಫೈಲ್ ಎಂದರೇನು ಎಂಬುದೇ ತಿಳಿಯದು. ಹೋಸ್ಟ್ ಕೇಳುವುದು ‘ಇಷ್ಟನೇ ಬ್ಲಾಕ್ (ಡಿಸ್ಕಿನ ಸಣ್ಣ ತುಂಡು) ಕೊಡು’ ಎಂದು, ಬರೆಸುವುದೂ ಬ್ಲಾಕ್‌ಗಳನ್ನೇ. ಯಾವ ಫೈಲ್ ಯಾವ ಬ್ಲಾಕ್‌ಗಳಲ್ಲಿದೆ ಎಂಬ ಲೆಕ್ಕವನ್ನು ಹೋಸ್ಟ್ ಒಮ್ಮೆ ಓದಿ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ನೀವು ಅದೇ ಇಮೇಜ್ ಫೈಲನ್ನು (ಯಂತ್ರಕ್ಕೆ ಡಿಸ್ಕ್‌ನಂತೆ ತೋರಿಸುವ ಒಂದು ದೊಡ್ಡ ಫೈಲ್) ಬೋರ್ಡ್‌ನಲ್ಲಿಯೂ ಮೌಂಟ್ ಮಾಡಿ, ಅಂದರೆ ಡಿಸ್ಕ್‌ನಂತೆ ತೆರೆದು, ವಿನ್ಯಾಸ ಸೇರಿಸಿದಿರಿ. ಯಂತ್ರ ಮಾತ್ರ ತನ್ನ ಹಳೆಯ ಲೆಕ್ಕವನ್ನೇ ನಂಬಿಕೊಂಡಿತ್ತು. ಹೀಗಾಗಿ ಹೊಸ ಫೈಲ್ ಕಾಣಲಿಲ್ಲ. ಇನ್ನು ಯಂತ್ರ ತನ್ನ ಹಳೆಯ ಲೆಕ್ಕದಂತೆ ಏನನ್ನಾದರೂ ಬರೆದರೆ, ನೀವು ಆಗಷ್ಟೇ ತುಂಬಿಸಿದ ಬ್ಲಾಕ್‌ಗಳ ಮೇಲೆಯೇ ಅದು ಬೀಳಬಹುದು. ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು. ಫ್ಯಾಟ್ ಇರಲಿ, ಇಎಕ್ಸ್‌ಟಿ4 ಇರಲಿ, ಎರಡು ಕಡೆಯಿಂದ ಒಟ್ಟಿಗೆ ಬಳಸಲೆಂದು ಮಾಡಿದ ಫೈಲ್ ಸಿಸ್ಟಮ್‌ಗಳಲ್ಲ. ‘ಸಿಂಕ್’ ಆದೇಶವನ್ನು ಎಷ್ಟು ಬಾರಿ ಕೊಟ್ಟರೂ ಇದು ಸರಿಹೋಗದು, ಏಕೆಂದರೆ ಆ ಆದೇಶ ಬೋರ್ಡ್‌ನ ಮೆಮೊರಿಯಲ್ಲಿ ಬಾಕಿಯಿರುವುದನ್ನು ಡಿಸ್ಕ್‌ಗೆ ಬರೆಸುತ್ತದೆಯೇ ಹೊರತು ಯಂತ್ರದ ಮೆಮೊರಿಯಲ್ಲಿರುವ ಹಳೆಯ ಲೆಕ್ಕವನ್ನು ಬದಲಿಸುವುದಿಲ್ಲ.

ದಾರಿ ಒಂದೇ: ಒಂದು ಹೊತ್ತಿಗೆ ಒಬ್ಬರೇ ಒಡೆಯರು. ಬೋರ್ಡನ್ನು ಪೆನ್‌ಡ್ರೈವ್‌ನಂತೆ ತೋರಿಸಲು ನೀವು ಬಹುಶಃ ಬಳಸುತ್ತಿರುವ ‘ಜಿ ಮಾಸ್ ಸ್ಟೋರೇಜ್’ ಎಂಬ ಲಿನಕ್ಸ್ ಮಾಡ್ಯೂಲ್‌ಗಿಂತ ‘ಕಾನ್ಫಿಗ್‌ಎಫ್‌ಎಸ್’ ವಿಧಾನ ನನಗೆ ಹೆಚ್ಚು ಇಷ್ಟ. ಅಲ್ಲಿ ಫೋಲ್ಡರ್‌ಗಳನ್ನು ಸೃಷ್ಟಿಸುತ್ತಾ ಹೋದಂತೆ ಡಿವೈಸ್ ರೂಪುಗೊಳ್ಳುತ್ತದೆ. ಕೊನೆಗೆ ‘ಯುಡಿಸಿ’ ಎಂಬ ಕಡತದಲ್ಲಿ ನಿಯಂತ್ರಕದ ಹೆಸರು ಬರೆದರೆ ಅದು ಹೋಸ್ಟ್‌ಗೆ ಕಾಣುತ್ತದೆ. ಆ ಡಿವೈಸಿನ ಡಿಸ್ಕನ್ನು ಪ್ರತಿನಿಧಿಸುವ ‘ಲನ್ 0’ ಫೋಲ್ಡರ್‌ನಲ್ಲಿ ‘ರಿಮೂವಬಲ್’ ಮತ್ತು ‘ಆರ್‌ಒ’ ಎರಡಕ್ಕೂ 1 ಎಂದು ಬರೆಯಿರಿ. ಮೊದಲನೆಯದು ಇದ್ದರೆ ಮಾತ್ರ ಡಿಸ್ಕನ್ನು ನಡುವೆ ಹೊರತೆಗೆಯಬಹುದು. ಎರಡನೆಯದು ಯಂತ್ರ ಬರೆಯದಂತೆ ತಡೆಯುತ್ತದೆ. ನಿಮ್ಮ ಯಂತ್ರಕ್ಕೆ ಬೇಕಿರುವುದು ವಿನ್ಯಾಸ ಓದುವುದಷ್ಟೇ ಆದ್ದರಿಂದ ಈ ತಡೆ ಬಹುದೊಡ್ಡ ರಕ್ಷಣೆ.

ಹೊಸ ವಿನ್ಯಾಸ ಬಂದಾಗ ‘ಲನ್ 0’ ಒಳಗಿನ ‘ಫೈಲ್’ ಎಂಬ ಕಡತಕ್ಕೆ ಖಾಲಿ ಸಾಲು ಬರೆಯಿರಿ. ಡಿಸ್ಕ್ ಹೊರಬಂದಂತೆ ಯಂತ್ರ ಭಾವಿಸುತ್ತದೆ. ಆಮೇಲೆ ಇಮೇಜನ್ನು ಬೋರ್ಡ್‌ನಲ್ಲಿ ಮೌಂಟ್ ಮಾಡಿ, ವಿನ್ಯಾಸ ಹಾಕಿ, ಅನ್‌ಮೌಂಟ್ ಮಾಡಿ, ಇಮೇಜಿನ ಹೆಸರನ್ನು ಅದೇ ಕಡತಕ್ಕೆ ಮತ್ತೆ ಬರೆಯಿರಿ. ಅನ್‌ಮೌಂಟ್ ಮಾಡುವುದನ್ನು ದಯವಿಟ್ಟು ಮರೆಯಬೇಡಿ. ಹೋಸ್ಟ್ ಡಿಸ್ಕನ್ನು ಬೀಗ ಹಾಕಿ ಹಿಡಿದಿದ್ದರೆ ‘ಬ್ಯುಸಿ’ ಎಂಬ ದೋಷ ಬರುತ್ತದೆ. ಆಗ ‘ಯುಡಿಸಿ’ ಕಡತವನ್ನು ಖಾಲಿ ಮಾಡಿ ಇಡೀ ಡಿವೈಸನ್ನೇ ಕಿತ್ತಂತೆ ಮಾಡಬಹುದು. ಡಿಸ್ಕ್ ಬದಲಾದದ್ದನ್ನು ಗಮನಿಸದ ಯಂತ್ರಗಳಿಗೂ ಇದೇ ಮದ್ದು. ಯಂತ್ರ ಹೊಲಿಯುತ್ತಿರುವಾಗ ಮಾತ್ರ ಇದಾವುದನ್ನೂ ಮಾಡಬೇಡಿ.

ಇಮೇಜ್ ತಯಾರಿಸುವಾಗ ಇನ್ನೆರಡು ಎಚ್ಚರ. ಪಾರ್ಟಿಷನ್ ಟೇಬಲ್ (ಡಿಸ್ಕಿನ ಭಾಗಗಳ ಪಟ್ಟಿ) ಇಲ್ಲದ ಇಮೇಜನ್ನು ಲ್ಯಾಪ್‌ಟಾಪ್ ಒಪ್ಪಿಕೊಂಡರೂ ಸಣ್ಣ ಯಂತ್ರಗಳು ತಿರಸ್ಕರಿಸುವುದುಂಟು. ಆದ್ದರಿಂದ ಎಂಬಿಆರ್ ಎಂಬ ಬಗೆಯ ಪಾರ್ಟಿಷನ್ ಟೇಬಲ್ ಹಾಕಿ, ಒಂದು ಫ್ಯಾಟ್32 ಪಾರ್ಟಿಷನ್ ಮಾಡಿ. ಬೋರ್ಡ್‌ನಲ್ಲಿ ಮೌಂಟ್ ಮಾಡಲು ‘ಲೋಸೆಟಪ್’ ಆದೇಶಕ್ಕೆ ದೊಡ್ಡಕ್ಷರದ ‘ಪಿ’ ಆಯ್ಕೆ ಕೊಟ್ಟರೆ ಪಾರ್ಟಿಷನ್ ಪ್ರತ್ಯೇಕವಾಗಿ ಸಿಗುತ್ತದೆ. ಇನ್ನೊಂದು, ಇಮೇಜಿನ ಪೂರ್ತಿ ಜಾಗವನ್ನು ಮೊದಲೇ ಕಾದಿರಿಸಿ. ನಡುವೆ ಎಸ್‌ಡಿ ಕಾರ್ಡ್ ತುಂಬಿದರೆ ಇಮೇಜಿಗೆ ಬರೆಯುವುದು ಅರ್ಧಕ್ಕೇ ನಿಂತು ದೋಷ ಬರುತ್ತದೆ.

ಬೋರ್ಡ್‌ಗೆ ವಿದ್ಯುತ್ ಬರುವುದೂ ಅದೇ ಕೇಬಲ್‌ನಿಂದ ಎಂದಾದರೆ, ಯಂತ್ರವನ್ನು ಆಫ್ ಮಾಡಿದ ಕ್ಷಣ ಬೋರ್ಡ್‌ನ ಲಿನಕ್ಸ್ ಸಹ ಸಾಯುತ್ತದೆ. ಆಗ ಅದರ ಫೈಲ್‌ಗಳು ಕೆಡದಂತೆ ಲಿನಕ್ಸ್‌ನ ಮೂಲ ಫೈಲ್ ಸಿಸ್ಟಮನ್ನು ಓದಲು ಮಾತ್ರ ಎಂದು ಇಟ್ಟು, ಇಮೇಜನ್ನು ಬೇರೆ ಪಾರ್ಟಿಷನ್‌ನಲ್ಲಿ ಇಡಿ.

ಪ್ರಶ್ನೆ: ನನ್ನ ಬೋರ್ಡ್‌ನ ಇಎಂಎಂಸಿ ಸಂಗ್ರಹ ಚಿಪ್ ಬೆಸುಗೆ ಹಾಕಿದ್ದು, ಹೊರತೆಗೆಯಲಾಗದು. ಲ್ಯಾಪ್‌ಟಾಪ್‌ನಿಂದ ಅದಕ್ಕೆ ಹೊಸ ಲಿನಕ್ಸ್ ಬರೆಯಲು ಇದೇ ಉಪಾಯ ಬಳಸಬಹುದೇ?

ಉತ್ತರ: ಬಳಸಬಹುದು, ಆದರೆ ಓಡುತ್ತಿರುವ ಲಿನಕ್ಸ್‌ನಿಂದ ಬೇಡ. ತಾನು ನಿಂತಿರುವ ಡಿಸ್ಕನ್ನೇ ಅದು ಹೊರಗೆ ಕೊಟ್ಟರೆ ಮೇಲಿನ ತೊಂದರೆಯೇ ಇನ್ನೂ ಘೋರವಾಗಿ ಬರುತ್ತದೆ. ನಿಮ್ಮ ಬೋರ್ಡ್‌ನ ಬೂಟ್‌ಲೋಡರ್ (ಲಿನಕ್ಸ್‌ಗೂ ಮೊದಲು ಓಡಿ ಅದನ್ನು ಶುರುಮಾಡುವ ಪ್ರೋಗ್ರಾಮ್) ‘ಯು-ಬೂಟ್’ ಆಗಿದ್ದರೆ ಅದರಲ್ಲಿ ‘ಯುಎಂಎಸ್’ ಎಂಬ ಆದೇಶವಿದೆಯೇ ನೋಡಿ. ‘ಯುಎಂಎಸ್ 0 ಎಂಎಂಸಿ 1’ ಎಂದರೆ ಮೊದಲ ಯುಎಸ್‌ಬಿ ನಿಯಂತ್ರಕದ ಮೂಲಕ 1ನೇ ಎಂಎಂಸಿಯನ್ನು ಡಿಸ್ಕ್‌ನಂತೆ ತೋರಿಸು ಎಂದರ್ಥ. ಲಿನಕ್ಸ್ ಇನ್ನೂ ಶುರುವಾಗಿಲ್ಲದ ಕಾರಣ ಒಡೆತನದ ಜಗಳವೇ ಇಲ್ಲ. ಇಎಂಎಂಸಿ ಸಂಖ್ಯೆ 0 ಅಥವಾ 1 ಎಂಬುದು ಬೋರ್ಡ್‌ನಿಂದ ಬೋರ್ಡ್‌ಗೆ ಬದಲಾಗುತ್ತದೆ, ‘ಎಂಎಂಸಿ ಲಿಸ್ಟ್’ ಕೊಟ್ಟು ಮೊದಲೇ ನೋಡಿಕೊಳ್ಳಿ. ಬರೆದು ಮುಗಿದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕನ್ನು ಇಜೆಕ್ಟ್ ಮಾಡಿ, ಆಮೇಲಷ್ಟೇ ಯು-ಬೂಟ್ ಆದೇಶ ಕೊಟ್ಟ ಕನ್ಸೋಲ್‌ನಲ್ಲಿ ಕಂಟ್ರೋಲ್-ಸಿ ಒತ್ತಿ ‘ಯುಎಂಎಸ್’ ನಿಲ್ಲಿಸಿ.