ಎಮ್ಮೆ ಹಾಡು ಅಣ್ಣಾವ್ರ ಗುರುತಾಗಿದ್ದು ಹೇಗೆ?

ಪ್ರಶ್ನೆ: ರಾಜ್‌ಕುಮಾರ್ ಮೊದಲು ಹಾಡಿದ್ದು ‘ಯಾರೇ ಕೂಗಾಡಲಿ’ ಅಂತಾರೆ, ನಿಜಾನಾ ಸಾರ್?

ಉತ್ತರ: ಅಲ್ಲಪ್ಪಾ, 1959ರ ‘ಮಹಿಷಾಸುರ ಮರ್ದಿನಿ’ಯಲ್ಲೇ ಎಸ್. ಜಾನಕಿ ಜೊತೆ ‘ತುಂಬಿತು ಮನವ’ ಹಾಡಿದ್ರು, ಆದ್ರೆ ಆಮೇಲೆ ಎಷ್ಟೋ ವರ್ಷ ಅವರ ದನಿ ಅಂದ್ರೆ ಪಿ.ಬಿ. ಶ್ರೀನಿವಾಸ್ ಅಂತಾನೇ ಜನಕ್ಕೆ ರೂಢಿ ಆಗೋಗಿತ್ತು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು ನೋಡಿ, ಚಿ. ಉದಯಶಂಕರ್ ಬರೆದ ಈ ‘ಯಾರೇ ಕೂಗಾಡಲಿ’ ಹಾಡನ್ನ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅಣ್ಣಾವ್ರ ಕೈಲೇ ಹಾಡಿಸಿದ್ರು, ಅವರೋ ಎಮ್ಮೆ ಬೆನ್ನೇರಿ ಕೂತ್ಕೊಂಡು ಗತ್ತಲ್ಲಿ ಹಾಡ್ತಾ ಬಂದ್ರೆ ಥಿಯೇಟರ್ ತುಂಬಾ ಬರೀ ಶಿಳ್ಳೆ! ರಂಗಭೂಮಿಯಲ್ಲಿ ಪಳಗಿದ ಗಂಟಲು ಅದು, ಮುಖಕ್ಕೂ ದನಿಗೂ ಸರಿಯಾಗಿ ಕೂತ್ಕೊಂಡ್ತು. ಅಲ್ಲಿಂದ ತಮ್ಮ ಹಾಡು ತಾವೇ ಹಾಡೋಕೆ ಶುರು. ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದಿದ್ದು ಮಾತ್ರ ‘ಜೀವನ ಚೈತ್ರ’ದ ‘ನಾದಮಯ’ಕ್ಕೆ, ಆದ್ರೂ ಆರ್ಕೆಸ್ಟ್ರಾದಲ್ಲಿ ಜನ ಕೇಳೋದು ಎಮ್ಮೆ ಹಾಡನ್ನೇ.